ಇಂತಿ

ಅತ್ತೆ ಸೆವೆರೀನಾ,
ಈ ಕಾಗದ ಓದಿ ಹೇಳುತ್ತಿರುವುದು ಫೌಸ್ತಿನೋ ಮೇಷ್ಟ್ರು ತಾನೆ?
ಮೇಷ್ಟ್ರೇ, ಒಂದು ಸಾಲನ್ನೂ ನುಂಗಬೇಡಿ.
ನಿಮ್ಮ ಸಂಗತಿಯೂ ಬರುತ್ತದೆ ಮುಂದೆ.

ಲಿಮಾ ತಲುಪಿದೆವು.
ಹುವಾಂಕವೆಲಿಕಾದಿಂದ ಬಸ್ಸಿನಲ್ಲಿ ಹದಿಮೂರು ಗಂಟೆ.
ನನ್ನ ಶಾಲಿನೊಳಗೆ ತಲೆ ಹುದುಗಿಸಿ
ಪ್ರತಿ ತಿರುವಿಗೂ ಕೇಳಿದ ವಿಲ್ಬರ್:
ಅಮ್ಮಾ, ಈಗ ಯಾವ ಕಡೆ ಇದ್ದಾನೆ ಅವನು?
ಎಡಕ್ಕೆ ಅಂದರೆ ಬಲಕ್ಕೆ ಸರಿಯುತ್ತಿದ್ದ.
ಸರಿದಷ್ಟೂ ಬೆಟ್ಟ ತಿರುಗಿ
ಮತ್ತೆ ಅವನೆದುರಿಗೇ ತಂದು ನಿಲ್ಲಿಸುತ್ತಿತ್ತು.

ಈ ಊರಿಗೆ ಆಕಾಶವೇ ಇಲ್ಲ.
ಜೂನ್ ಬಂತೆಂದರೆ ಬೂದು ಮುಚ್ಚಳ.
ಕತ್ತೆಯ ಹೊಟ್ಟೆ ಅನ್ನುತ್ತಾರೆ ಅದನ್ನು, ಬೈಯುತ್ತಾರೆ,
ಒಗೆದ ಬಟ್ಟೆ ಒಣಗದು, ಮಂಡಿ ಹಿಡಿಯುತ್ತದೆ ಅಂತ.
ವಿಲ್ಬರ್ ಮಾತ್ರ ಬಸ್ಸಿಳಿದು ಮೇಲೆ ನೋಡಿದ,
ಎಷ್ಟೋ ದಿನದ ಮೇಲೆ, ಕೈ ಅಡ್ಡ ಹಿಡಿಯದೆ.

ಡಾಕ್ಟರಮ್ಮ ಬಿಡಲಿಲ್ಲ.
ಮೋಡವೂ ಜರಡಿಯೇ, ನಂಬಬೇಡ ಅಂದರು.
ಸಂಜೆ ಬೆಳಕು ಇಳಿದ ಮೇಲೆ ಅಂಗಳದಲ್ಲಿ ಅರ್ಧ ಗಂಟೆ.
ಆ ಅರ್ಧ ಗಂಟೆ ಅವನು ಓಡುವುದನ್ನು ನೀನು ನೋಡಬೇಕಿತ್ತು,
ಕಟ್ಟು ಬಿಚ್ಚಿದ ಲಾಮಾ ಮರಿ.

ಕೆನ್ನೆಯಿಂದ ಅವರೆಕಾಳಿನಷ್ಟು ಕತ್ತರಿಸಿಕೊಂಡರು.
ಕಾಯಿಲೆಯ ಹೆಸರು ಅವನಿಗಿಂತ ಉದ್ದ.
ಸಿಡುಬಲ್ಲ, ಮಾಟವಲ್ಲ,
ನೀನು ಮೊಟ್ಟೆ ನಿವಾಳಿಸಿ ಒಡೆದು ನೋಡಿದೆಯಲ್ಲ, ಅದೂ ಅಲ್ಲ.
ರಕ್ತದೊಳಗೆ ಒಂದು ವೈರಸ್ಸು.
ಬಿಸಿಲು ಬಿದ್ದ ಜಾಗಕ್ಕೆ ಬಂದು ಕೂಡುತ್ತದೆ,
ಗುಳ್ಳೆ, ಕಪ್ಪು ಹಕ್ಕಳೆ, ಆಮೇಲೆ ಕುಳಿ.
ಸೊಳ್ಳೆ ಕಚ್ಚಿದರೂ ತೋಳು ಊದಿ ಜ್ವರ ಬಂದದ್ದು ಇದರಿಂದಲೇ.

ಅದು ಎಂಜಲಿನಲ್ಲಿ ಬರುತ್ತದಂತೆ.

ಹಲ್ಲಿಲ್ಲದ ಬಾಯಿಗೆ ನಾನು ಆಲೂಗಡ್ಡೆ ಅಗಿದು ಇಟ್ಟೆನಲ್ಲ ಅತ್ತೆ,
ನೀನು ನಿಕಾನೋರನಿಗೆ ಇಟ್ಟ ಹಾಗೆ,
ನಿನಗೆ ನಿನ್ನಮ್ಮ ಇಟ್ಟ ಹಾಗೆ.
ನನ್ನ ಮುಖ ನೋಡಿ ಡಾಕ್ಟರಮ್ಮ ಬೇಗ ಬೇಗ ಹೇಳಿದರು:
ನನ್ನಲ್ಲೂ ಇದೆ, ಗೇಟಿನ ಕಾವಲಿನವನಲ್ಲೂ ಇದೆ,
ನಿನ್ನ ಬಸ್ಸಿನ ಮುಕ್ಕಾಲು ಜನರಲ್ಲಿ ಮಲಗಿದೆ.
ಇವನಲ್ಲಿ ಎದ್ದಿತು.
ಯಾರು ಎಬ್ಬಿಸಿದ್ದು, ಅಂದೆ.
ಗೊತ್ತಿಲ್ಲ, ಅಂದರು.
ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಾನು ಕಂಡದ್ದು ಇದೇ ಮೊದಲು.
ಅಲ್ಲಿಂದ ನಂಬಿಕೆ ಬಂತು.
ಆದರೂ ರಾತ್ರಿ ಉಗುಳು ನುಂಗುವಾಗ
ಗಂಟಲು ಒಂದು ಗಳಿಗೆ ತಡೆಯುತ್ತದೆ.

ಮೇಷ್ಟ್ರೇ, ಈಗ ನಿಮ್ಮದು. ಗಟ್ಟಿಯಾಗಿ ಓದಿ.
ಸೋಮವಾರ ಬಾವುಟದ ಮುಂದೆ ಟೋಪಿ ತೆಗೆಸಿದಿರಿ.
ತೆಗೆಯಲ್ಲ ಅಂದದ್ದಕ್ಕೆ ಹಾಡು ಮುಗಿದ ಮೇಲೂ ನಿಲ್ಲಿಸಿದಿರಿ.
ಬುಧವಾರಕ್ಕೆ ಅವನ ತುಟಿ ಒಡೆದಿತ್ತು, ಕಣ್ಣು ತೆರೆಯಲಾಗಲಿಲ್ಲ.
ನಿಮಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.
ಸಿಟ್ಟು ಇಳಿದಿದೆ ಎಂದು ಸುಳ್ಳು ಬರೆಯಲಾರೆ.
ಇಳಿಯುತ್ತಿದೆ.

ಚುನ್ಯೋ ಹರಡಿದಿರಾ ಅತ್ತೆ?
ರಾತ್ರಿಯ ಹಿಮಕ್ಕೆ ಒಡ್ಡಿ, ತುಳಿದು, ಹಗಲು ಒಣಗಿಸಿ,
ಕರ್ರಗೆ ಹಗುರಾದ ಗೆಡ್ಡೆ.
ಕನ್ನಡಿ ನೋಡಿ ವಿಲ್ಬರ್ ಕೇಳಿದ:
ಅಮ್ಮಾ, ನನ್ನನ್ನೂ ಒಣಹಾಕಿದ್ದಿರಾ?
ನಗಿಸಲೆಂದು ಕೇಳಿದ. ನಕ್ಕೆ.

ಕೆಲವು ಮಕ್ಕಳಿಗೆ ಬೆಳೆದಂತೆ ಬಿಟ್ಟುಹೋಗುತ್ತದಂತೆ.
ಕೆಲವರಿಗೆ... ಅಲ್ಲಿಗೆ ಹಾಳೆ ತಿರುವಿದರು ಡಾಕ್ಟರಮ್ಮ.
ನಾನೂ ತಿರುವುತ್ತೇನೆ.

ಪೂರ್ವದ ಕಿಟಕಿಗೆ ಎರಡು ಕಂಬಳಿ ಹೊಡೆಸು.
ಅಗಲ ಅಂಚಿನ ಟೋಪಿ ನೇಯಿ, ಕಿವಿ ಮುಚ್ಚುವಂಥದ್ದು.
ಬೆಳಗಾಗೆದ್ದು ಬಾಗಿಲಲ್ಲಿ ಅಂಗೈ ಚಾಚಿ
ತಾಯ್ತಾ ಇಂತಿ, ಅಪ್ಪಾ ಸೂರ್ಯ, ಅನ್ನುತ್ತೀಯಲ್ಲ,
ಅದನ್ನು ಬಿಡು ಅನ್ನಲಾರೆ.
ಬೆಳೆಗೆ ಅವನು ಬೇಕು. ನಿನ್ನ ಮೂಳೆಗೂ ಬೇಕು.
ಮೊಮ್ಮಗ ಕೋಣೆಯೊಳಗಿದ್ದಾನೆ ಎಂದು ಮಾತ್ರ ಹೇಳು,
ಹುಡುಕಿಕೊಂಡು ಬರಬೇಡ ಅಂತ.

ವಿಲ್ಬರ್ ಪೆನ್ನು ಕಸಿಯುತ್ತಿದ್ದಾನೆ.
ಕಾಗದದ ಮೂಲೆಯಲ್ಲಿ ಒಂದು ಸೊನ್ನೆ ಸುತ್ತಿದ,
ಸುತ್ತ ಗೀಟು ಎಳೆದ,
ತಡೆದು, ಯೋಚಿಸಿ,
ಅದರ ತಲೆಗೆ ಒಂದು ಟೋಪಿ ಇಟ್ಟ.

ಇಂತಿ,
ನಿನ್ನ ಸೊಸೆ ಹೊನೊರಾತಾ