ಅ ಗುಂಪಿನ ಮೂರನೆಯವನು

ಪಿಂಪರಿಯ ನೀಲಿ ಟರ್ಫಿಗೆ ಈಗಷ್ಟೇ ನೀರು ಹೊಡೆದಿದ್ದಾರೆ.
ನಾವು ಒಣಬಟ್ಟೆಯಲ್ಲಿ, ಸಿಮೆಂಟು ಮೆಟ್ಟಿಲ ಮೇಲೆ.
ನಮ್ಮ ಆಟ ಮುಗಿದಿದೆ:
ಏಳು ಅಂಕ, ಹೊಡೆದದ್ದು ತಿಂದದ್ದಕ್ಕಿಂತ ಎರಡು ಹೆಚ್ಚು.
ಇನ್ನು ಬೇರೆಯವರ ಕಾಲಿನಲ್ಲಿ ನಮ್ಮ ಓಟ.

ರೈಲ್ವೆಯವರು ಕಸ್ಟಮ್ಸಿನವರನ್ನು
ಮೂರು ಗೋಲಿನಿಂದ ಸೋಲಿಸಬೇಕು.
ಎರಡು ಸಾಲದು.
ಮಿಸಳ್ ತಿಂದ ಬಿಲ್ಲಿನ ಬೆನ್ನಿಗೆ
ಮ್ಯಾನೇಜರ್ ಘೋರ್ಪಡೆ ನಾಲ್ಕು ಸಲ ಕೂಡಿ ಕಳೆದ,
ನಾಲ್ಕು ಸಲವೂ ಅದೇ ಮೂರು.

ಮೊನ್ನೆ ಇದೇ ರೈಲ್ವೆ ನನ್ನ ಬಲೆಗೆ ನಾಲ್ಕು ತುಂಬಿತ್ತು.
ತೊಡೆಗೆ ತಾಗಿಯೂ ಒಳಹೋದದ್ದರ ಗುರುತು
ಇನ್ನೂ ಬದನೆಕಾಯಿ ಬಣ್ಣ.
ಇವತ್ತು ಅವರಿಗೇ ನನ್ನ ಹರಕೆ.

ಬ ಗುಂಪಿನಲ್ಲಿ ಐದು ಅಂಕಕ್ಕೇ ಸೆಮಿಫೈನಲ್.
'ನಮ್ಮಲ್ಲಿ ಬಿದ್ದಿದ್ದರೆ ಚಟ್ನಿ ಆಗುತ್ತಿದ್ದರು'
ಅನ್ನುತ್ತಾನೆ ಘೋರ್ಪಡೆ, ಸಾಕಷ್ಟು ಗಟ್ಟಿಯಾಗಿ,
ಕೆಳಗಿನ ಮೆಟ್ಟಿಲಲ್ಲಿ ಕೂತ ಯೋಹಾನ ಸಾಳ್ವೆಗೆ ಕೇಳಲೆಂದು.
ಆ ಐದಂಕದ ಗೋಲ್‌ಕೀಪರ್ ಅವನೇ.

ಯೋಹಾನ ತಿರುಗಲಿಲ್ಲ. ಪ್ಯಾಡಿನ ಹರಿದ ಪಟ್ಟಿಗೆ
ಚಪ್ಪಲಿ ಹೊಲಿಯುವ ದಾರ ಪೋಣಿಸುತ್ತಿದ್ದ.

ಚೀಟಿ ಎತ್ತಿದ್ದು ನೀರು ಹೊಡೆಯುವವನ ಮಗಳು,
ಸ್ಟೀಲ್ ಡಬ್ಬಿಯಿಂದ, ಕಣ್ಣು ಮುಚ್ಚಿ.
ಯಾರಿಗೆ ಹೇಳೋಣ?

ಅರ್ಧ ಆಟಕ್ಕೆ ಒಂದು. ಆಮೇಲೆ ಇನ್ನೊಂದು.
ಖಡಕಿಯ ಕಾರ್ಖಾನೆಯ ನಾವೆಲ್ಲ ಎದ್ದು ನಿಂತೆವು.
ರೈಲ್ವೆಗೆ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ,
ಜಾಗ ಆಗಲೇ ಗಟ್ಟಿ.
ನನಗೆ ನಾಲ್ಕರಲ್ಲಿ ಮೂರು ಹೊಡೆದ ಸರದಾರ
ಬೆಂಚಿನ ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದ.

ಎರಡು ನಿಮಿಷ ಇರುವಾಗ ಪೆನಾಲ್ಟಿ ಕಾರ್ನರ್.
ಏಳೋ ಮಾರಾಯ, ಒಮ್ಮೆ ಎದ್ದು ಬಾರೋ.
ಅವನು ಸಿಪ್ಪೆ ಎಸೆಯಲು ಕಸದ ಬುಟ್ಟಿ ಹುಡುಕಿದ.
ಹೊಡೆದವನು ಯಾವುದೋ ಹೊಸ ಹುಡುಗ;
ಚೆಂಡು ಕಂಬಕ್ಕೆ ಬಡಿದ ಸದ್ದು
ಗದಗಿನ ಮುರಮಿನ ಮೈದಾನದಲ್ಲೂ ಹೀಗೇ ಇತ್ತು,
ಟೊಣ್, ಒಂದೇ ಅಕ್ಷರ.

ಎರಡು ಸೊನ್ನೆ.
ಘೋರ್ಪಡೆ ಬಿಲ್ಲನ್ನು ಮಡಚಿ ಮಡಚಿ
ಉಗುರಿನಷ್ಟು ಮಾಡಿದ.

ಎಲ್ಲರೂ ಬಸ್ಸಿನತ್ತ ಹೋದ ಮೇಲೆ ಯೋಹಾನ ಮೇಲೆ ಬಂದ.
'ನಾಳೆ ನನಗೆ ಅವರೇ' ಅಂದ.
'ಕೇಳುವುದಕ್ಕೆ ನಾಚಿಕೆ.
ಆ ಬಾಳೆಹಣ್ಣಿನವ ಯಾವ ಕಡೆ ಎಳೆಯುತ್ತಾನೆ?
ನಮ್ಮ ಗುಂಪಿನಲ್ಲಿ ಅಂಥವರು ಇರಲಿಲ್ಲ.
ನಾನು ಒಳ್ಳೆಯವನೋ ಅಲ್ಲವೋ
ನನಗೇ ಗೊತ್ತಿಲ್ಲ.'

ಒಂದು ಗಳಿಗೆ ಸುಮ್ಮನಿದ್ದೆ. ಬಾಯಿಗೆ ಬಂದಿತ್ತು, ತಪ್ಪು ಕಡೆ.
ಆಮೇಲೆ ಪ್ಯಾಂಟು ಮಡಚಿ ತೊಡೆ ತೋರಿಸಿದೆ:
'ನೋಡು, ಇಲ್ಲಿ.
ಎಡಭುಜ ತಗ್ಗಿದರೆ ಈ ಕಡೆಗೇ ಬರುತ್ತದೆ.'
ಅವನು ಬೆರಳಿಟ್ಟು ಒತ್ತಿ ನೋಡಿದ.
ನೋಯಿತು.