ತೆಳುಗಾಳಿ

ಕಾನ್ಸಾಸಿನ ಬಯಲಲ್ಲಿ ಬಾಣದಂತೆ ಬಂದ ಗಾಡಿ
ಲೆಡ್‌ವಿಲ್ಲಿನ ಏರಿನಲ್ಲಿ ಎಮ್ಮೆಯಾಯಿತು,
ಸೈಲೆನ್ಸರಿನ ತುಂಬ ಕರಿಹೊಗೆ.

ವರ್ನಾ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಳು.
ಮಸಿ. ಉಗುರಲ್ಲಿ ಕೆರೆದು ಪ್ಯಾಂಟಿಗೆ ಒರೆಸಿ,
"ಇದಕ್ಕೆ ಊಟ ಜಾಸ್ತಿ, ಉಸಿರು ಕಮ್ಮಿ.
ಹತ್ತು ಸಾವಿರ ಅಡಿಯ ಊರು,
ಇಲ್ಲಿ ಹೊಟ್ಟೆ ಕಟ್ಟಬೇಕು."

ಪೆಟ್ರೋಲ್ ಮುಟ್ಟುವ ಮುನ್ನ
ಮೂಗಿನ ಆಕ್ಸಿಜನ್ ನಳಿಕೆ ತೆಗೆದು
ಶೆಡ್ಡಿನಾಚೆ ಸಿಲಿಂಡರಿನ ಕೊರಳಿಗೇ ಸುತ್ತಿಟ್ಟಳು,
ಮೂವತ್ತು ವರ್ಷ ಗಣಿಯ ಡ್ರಿಲ್ಲು ರಿಪೇರಿ ಮಾಡಿದವಳು.
ನಾನು ಗಡಿಯಾರ ನೋಡುತ್ತಿದ್ದೆ. ಅವಳು ನೋಡಲಿಲ್ಲ.

ಕಾರ್ಬೊರೇಟರಿನ ಬಟ್ಟಲು ಕಳಚಿ
ನೂರಮೂವತ್ತರ ಜೆಟ್ ತೆಗೆದು ನೂರಿಪ್ಪತ್ತರದು ಕೂರಿಸಿ,
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ.
ಕಾಲು ಸುತ್ತು. ಇನ್ನೂ ಅರೆಕಾಲು.
ತುಟಿ ನೀಲಿಗೆ ತಿರುಗುತ್ತಿತ್ತು.
"ಶ್, ಈಗ ಕೇಳು."
ಕಡೆಗೋಲಿನ ಲಯಕ್ಕೆ ಬಿತ್ತು ಗಾಡಿ.

ಹಳೆಯ ಜೆಟ್, ಮೂಗುಬೊಟ್ಟಿನಷ್ಟು ಹಿತ್ತಾಳೆ,
ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟಳು:
"ಕೆಳಗಿಳಿದ ಮೇಲೆ ಇದನ್ನೇ ಹಾಕು.
ಮರೆತರೆ ಪಿಸ್ಟನ್ ಸುಡುತ್ತೆ."

"ನೀವೂ ಇಳಿದುಬಿಡಬಹುದಲ್ಲ?" ಅಂದೆ.
ಅವಳು ಹೊರಗೆ ನಿಂತು
ನಳಿಕೆ ಮೂಗಿಗೇರಿಸಿ ವಾಲ್ವ್ ತಿರುಗಿಸುತ್ತಿದ್ದಳು,
ಕಣ್ಣು ಮುಚ್ಚಿ, ಅದೇ ಕಾಲು ಸುತ್ತು, ಮತ್ತೆ ಅರೆಕಾಲು.
"ನಲವತ್ತು ಡಾಲರ್," ಅಂದಳು.