ನಡಾವಳಿ ಪುಸ್ತಕದಿಂದ

ನೀನೇ ಬರಿ ಎಂದರು. ನನ್ನ ಅಕ್ಷರ ದುಂಡಗಿದೆಯಂತೆ,
ಮೂವತ್ತು ವರ್ಷ ಕಾಜಾ ಹೊಲಿದ ಬೆರಳು ನಡುಗುವುದಿಲ್ಲವಂತೆ.
ಹೀಗೆ, ವಾಲ್ಪರಾಯ್ಸೊದ ಗುಡ್ಡದ ಮೇಲೆ,
ಬೆಂಕಿ ಆರಿಸುವ ಲಾರಿಯನ್ನು ಬೀದಿಗೆ ತಳ್ಳಿ
ತೆರವು ಮಾಡಿಕೊಂಡ ಶೆಡ್ಡಿನಲ್ಲಿ
ದರ್ಜಿ ಎರ್ಮೆಲಿಂದಾ ಸಭೆಯ ಗುಮಾಸ್ತೆಯಾದಳು.

ಹಾಜರಿ: ನಲವತ್ತೊಂದು ಜನ, ಮೂರು ನಾಯಿ.
ನಾಯಿಗಳನ್ನೇಕೆ ಬರೆದೆ ಎಂದು ನಿಬಾಲ್ದೊ ಗದರಿದ.
ನಮ್ಮ ಕೌನ್ಸಿಲರಿಗಿಂತ ಹೆಚ್ಚು ಸಭೆಗೆ ಬಂದಿವೆ, ಇರಲಿ ಬಿಡು.

ಕುರ್ಚಿ ಸಾಲದೆ ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತೆವು.
ಏಳುವಾಗ ಎಲ್ಲರ ಲಂಗ, ಪ್ಯಾಂಟಿಗೂ ಒಂದೇ ನಾತ;
ಸಮಾನತೆ ಅಷ್ಟರ ಮಟ್ಟಿಗೆ ಅವತ್ತೇ ಜಾರಿಗೆ ಬಂತು.

ಮೊದಲ ಮಾತು ಗ್ಯಾಸ್ ಹೊರುವ ಹುಡುಗ ಎಲಾದಿಯೊನದು:
ಚುನಾವಣೆಗೆ ನಿಲ್ಲುವವರು ಅರ್ಜಿ ಹಾಕುವ ಮೊದಲು
ತುಂಬಿದ ಸಿಲಿಂಡರ್ ಒಂದನ್ನು ಹೆಗಲಿಗೇರಿಸಿ
ನಮ್ಮ ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಲಿ.
ಎಲ್ಲ ನಕ್ಕರು. ಅವನು ನಗಲಿಲ್ಲ.
ಕಾನೂನು ಬರೆಯುವವರ ಮೊಣಕಾಲಿಗೂ
ಸ್ವಲ್ಪ ವಿದ್ಯೆ ಬೇಕಲ್ಲ, ಎಂದ.
ಬರೆದುಕೊಂಡೆ.

ಆರ್ತೆಮಿಯಾ ಅಜ್ಜಿ, ಎಂಬತ್ತಮೂರು:
ಸೆನೆಟರ ಸಂಬಳ ಪೆಸೊದಲ್ಲಿ ಹೇಳಬೇಡಿ,
ಸೊನ್ನೆ ಎಣಿಸಿ ನನ್ನ ಕಣ್ಣು ಸೋಲುತ್ತದೆ.
ಬ್ರೆಡ್ಡಿನ ಕಿಲೋದಲ್ಲಿ ಹೇಳಿ.
ಒಬ್ಬ ಮನುಷ್ಯ ತಿಂಗಳಿಗೆ ಅಷ್ಟು ಬ್ರೆಡ್ಡು ಹೇಗೆ ತಿನ್ನುತ್ತಾನೆ ಅಂತ
ಮಕ್ಕಳೂ ಕೇಳುವ ಹಾಗಾಗಲಿ.

ಮೇಷ್ಟ್ರು ಓರೊಸಿಂಬೊ ಎದ್ದು ನಿಂತು ನಲವತ್ತು ನಿಮಿಷ ಮಾತಾಡಿದರು.
ಸಾರಾಂಶ: ಯಾರೂ ಮೂರು ನಿಮಿಷ ಮೀರಬಾರದು.

ಚೀಟಿ ಎತ್ತಿ ಆರಿಸೋಣ ಎಂದರು ಕೆಲವರು,
ಮಾತು ತಪ್ಪಿದವರನ್ನು ಅರ್ಧದಾರಿಯಲ್ಲೇ ವಾಪಸು ಕರೆಸೋಣ ಎಂದರು ಇನ್ನು ಕೆಲವರು.
ಬರೆದೆ. ಹಾಳೆ ಮುಗಿಯಿತು.
ಗಿರಾಕಿಗಳ ಅಳತೆಯ ಚೀಟಿಗಳ ಬೆನ್ನಿಗೆ ಬರೆದೆ:
ಎದೆ ಮೂವತ್ತೆಂಟು, ತೋಳು ಇಪ್ಪತ್ತೆರಡು,
ಮಗುಚಿದರೆ ಜನರ ಆಡಳಿತ.

ಆಗ ಬಾಗಿಲ ಕಡೆಯಿಂದ ಒಂದು ಕೆಮ್ಮು.
ಮಿರ್ಲಾಂದ್. ಹೈಟಿಯವಳು. ರಾತ್ರಿ ಪುರಸಭೆ ಕಚೇರಿ ಗುಡಿಸುವವಳು.
ನನಗೆ ವೋಟಿಲ್ಲ, ಇನ್ನೂ ಎರಡು ವರ್ಷ ಬೇಕು, ಎಂದಳು
ಕ್ಷಮೆ ಕೇಳುವವಳಂತೆ; ಚೀಲದಿಂದ ಒಂದು ಕಟ್ಟು ತೆಗೆದಳು.
ಹೋದ ವರ್ಷ ನಾವು ಕೊಟ್ಟ ಮನವಿಗಳು.
ಕಸದ ಬುಟ್ಟಿಯಿಂದ ಒಂದೊಂದಾಗಿ ಎತ್ತಿ
ಮುದುರು ಬಿಡಿಸಿ
ಇಸ್ತ್ರಿ ಹಾಕಿ ಇಟ್ಟಿದ್ದಳು.

ನನ್ನ ಅಕ್ಷರ. ದುಂಡಗೆ.
ಅದರ ಮೇಲೆ ಕಾಫಿ ಲೋಟದ ಕಲೆ, ಅದೂ ದುಂಡಗೆ.

ಯಾರೋ ಕಲ್ಲು ಎಂದರು. ಎಲಾದಿಯೊ ಇರಬೇಕು.
ಕಿಟಕಿ ಒಂದೂ ಉಳಿಯಬಾರದು ಎಂದರು.
ಅಜ್ಜಿ ಕೋಲು ಕುಟ್ಟಿದಳು: ಒಡೆಯಿರಿ.
ಆ ಗಾಜು ಗುಡಿಸುವವಳು ಇವಳೇ.
ಶೆಡ್ಡು ತಣ್ಣಗಾಯಿತು.

ಮಂಗಳವಾರ ಬೆಳಿಗ್ಗೆ ಎಲ್ಲ ಕೆಳಗಿಳಿದೆವು.
ಘೋಷಣೆ ಕೂಗಲಿಲ್ಲ, ಪಾತ್ರೆ ಬಡಿಯಲಿಲ್ಲ.
ಯಂತ್ರದ ಬಾಯಿಂದ ತಲೆಗೊಂದು ಟೋಕನ್ ಎಳೆದುಕೊಂಡು
ಸರದಿ ಬಂದಾಗ ಕಿಂಡಿಯ ಮುಂದೆ ನಿಂತು
ಒಂದೇ ಒಂದು ಹಾಳೆ ಗಟ್ಟಿಯಾಗಿ ಓದಿ
ಸ್ವೀಕೃತಿಯ ಮುದ್ರೆ ಕೇಳಿದೆವು. ನಿಯಮದಲ್ಲೇ ಇದೆ,
ಮೇಷ್ಟ್ರು ಹುಡುಕಿಕೊಟ್ಟಿದ್ದರು; ನಲವತ್ತು ನಿಮಿಷ ಮನ್ನಿಸಿದೆವು.
ಕಿಂಡಿಯ ಹುಡುಗಿ ಮೊದಲು ಗಡಿಯಾರ ನೋಡಿದಳು, ಆಮೇಲೆ ಸಾಹೇಬರ ಬಾಗಿಲು.
ಹತ್ತೊಂಬತ್ತನೆಯ ಟೋಕನ್ನಿಗೆ ಮಣಿಕಟ್ಟು ಉಜ್ಜಿಕೊಂಡಳು.
ಇಪ್ಪತ್ತಾರಕ್ಕೆ, ಅದು ಸಿಲಿಂಡರಿನದು, ನಕ್ಕೇಬಿಟ್ಟಳು.
ಊಟದ ಹೊತ್ತಿಗೆ, ಸ್ವರ ತಗ್ಗಿಸಿ,
ನಮ್ಮ ಗುಡ್ಡಕ್ಕೆ ನೀರು ಮೂರು ದಿನಕ್ಕೊಮ್ಮೆ,
ಅದನ್ನೂ ಸೇರಿಸುತ್ತೀರಾ, ಎಂದಳು.

ಫಲ: ಮೆಟ್ಟಿಲ ಬದಿಗೆ ಕಬ್ಬಿಣದ ಕಂಬಿ, ತೊಂಬತ್ತನೆಯದರವರೆಗೆ ಮಾತ್ರ.
ಅಲ್ಲಿಂದಾಚೆ ಮೊದಲಿನಂತೆ ಗೋಡೆ ಹಿಡಿದೇ ಹತ್ತಬೇಕು.
ಬ್ರೆಡ್ಡಿನ ಲೆಕ್ಕಕ್ಕೆ ಉತ್ತರ ಬಂದಿಲ್ಲ.

ತಿದ್ದುಪಡಿ: ಮೊದಲ ಪುಟದ ಹಾಜರಿ ತಪ್ಪು.
ನಾಯಿಗಳನ್ನು ಎಣಿಸಿದವಳು
ಬಾಗಿಲ ಬಳಿ ನಿಂತವಳನ್ನು ಎಣಿಸಿರಲಿಲ್ಲ.
ನಲವತ್ತೊಂದನ್ನು ಒಂದೇ ಗೆರೆಯಲ್ಲಿ ಹೊಡೆದು
ಮೇಲೆ ನಲವತ್ತೆರಡು ಎಂದು ಬರೆದಿದ್ದೇನೆ.
ಹಳೆಯದೂ ಕಾಣುವಂತೆ ಬಿಟ್ಟಿದ್ದೇನೆ.

ಮುಂದಿನ ಸಭೆ ಗುರುವಾರ. ಪೆಟ್ಟಿಗೆ ತೊಳೆದು ತರುವುದು.